ಅನುರಾಧಪುರವೋ, ಪೊಲೊನ್ನರುವವೋ? ಶ್ರೀಲಂಕಾದ ಪುರಾತನ ಪುಣ್ಯಸ್ಥಳಗಳನ್ನು ಆರಿಸಿಕೊಳ್ಳುವುದು ಹೇಗೆ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಹೆಚ್ಚುಕಡಿಮೆ ಒಂದೂವರೆ ಗಂಟೆಯ ಹಾರಾಟ. ಇಷ್ಟು ಹತ್ತಿರ ಇರುವುದರಿಂದ ನಮ್ಮವರು ಶ್ರೀಲಂಕಾಕ್ಕೆ ಸಾಮಾನ್ಯವಾಗಿ ನಾಲ್ಕೈದು ದಿನದ ರಜೆ ಹಾಕಿ ಹೋಗುತ್ತಾರೆ. ಟೂರ್ ಪ್ಯಾಕೇಜುಗಳೂ ಅದಕ್ಕೆ ತಕ್ಕ ಹಾಗೆ ಇರುತ್ತವೆ. ಕ್ಯಾಂಡಿ, ನುವರ ಎಲಿಯ, ಒಂದು ಕಡಲತೀರ, ಪುರುಸೊತ್ತಿದ್ದರೆ ಸಿಗಿರಿಯ. ಅನುರಾಧಪುರ "ದೂರ ಆಗುತ್ತೆ" ಅಂತ ಬಿಟ್ಟುಹೋಗುತ್ತದೆ. ಪೊಲೊನ್ನರುವದ್ದೂ ಅದೇ ಗತಿ. ಈ ದ್ವೀಪದ ಸಾವಿರದೈನೂರು ವರ್ಷಗಳ ಕಥೆ ಇರುವುದೇ ಆ ಎರಡು ಊರುಗಳಲ್ಲಿ. ಅವನ್ನು ಬಿಟ್ಟು ಬಂದರೆ ನೋಡಿದ್ದು ಬಹಳ ಕಡಿಮೆ ಅಂತಲೇ ನನ್ನ ಭಾವನೆ.

ಹಾಗಂತ ಎಲ್ಲವನ್ನೂ ಒಂದೇ ಸಲ ನೋಡಲು ಆಗುವುದಿಲ್ಲ. ಆರಿಸಿಕೊಳ್ಳಲೇಬೇಕು. ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಇವತ್ತಿಗೂ ಪೂಜೆ ನಡೆಯುವ ಜಾಗ ಬೇಕೋ, ಜನ ಬಿಟ್ಟುಹೋದ ಹಳೆಯ ರಾಜಧಾನಿ ಬೇಕೋ? ಶ್ರೀಲಂಕಾದಲ್ಲಿ ಎರಡೂ ಇವೆ. ಎರಡೂ ಒಂದೇ ರೀತಿಯ ಅನುಭವ ಅಲ್ಲ. ಈ ಒಂದು ವಿಷಯ ಖಚಿತವಾದರೆ ಉಳಿದ ಆಯ್ಕೆ ತಾನಾಗಿ ಸುಲಭ ಆಗುತ್ತದೆ.

ಎರಡು ರಾಜಧಾನಿಗಳು

ಅನುರಾಧಪುರ ಕ್ರಿಸ್ತಪೂರ್ವ 4ನೇ ಶತಮಾನದಿಂದ ಕ್ರಿಸ್ತಶಕ 11ನೇ ಶತಮಾನದ ಆರಂಭದವರೆಗೆ ರಾಜಧಾನಿ ಆಗಿತ್ತು. ಚೋಳರು ದಾಳಿ ಮಾಡಿದ ಮೇಲೆ ರಾಜಧಾನಿ ಪೊಲೊನ್ನರುವಕ್ಕೆ ಹೋಯಿತು. ಅಲ್ಲಿ ಅದು 13ನೇ ಶತಮಾನದವರೆಗೆ ಬಾಳಿತು. ಎರಡೂ ಊರುಗಳ ನಡುವೆ ಸುಮಾರು 100 ಕಿಲೋಮೀಟರ್. 1982ರಲ್ಲಿ ಯುನೆಸ್ಕೋ ಎರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟರಿಂದಲೇ "ಒಂದನ್ನು ನೋಡಿದರೆ ಇನ್ನೊಂದು ನೋಡಿದ ಹಾಗೇ" ಅಂತ ಹೇಳುವವರಿದ್ದಾರೆ. ಖಂಡಿತ ಹಾಗಲ್ಲ.

ಅನುರಾಧಪುರದ ಜೀವ ಇರುವುದು ಒಂದು ಮರದಲ್ಲಿ. ಬುದ್ಧನಿಗೆ ಜ್ಞಾನೋದಯ ಆದ ಬೋಧಿವೃಕ್ಷದ ಒಂದು ಕೊಂಬೆಯನ್ನು ಅಶೋಕನ ಮಗಳು ಸಂಘಮಿತ್ತೆ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಇಲ್ಲಿಗೆ ತಂದಳು. ರಾಜ ದೇವಾನಂಪಿಯ ತಿಸ್ಸ ಅದನ್ನು ನೆಡಿಸಿದ. ಅದೇ ಜಯ ಶ್ರೀ ಮಹಾಬೋಧಿ. ಮನುಷ್ಯರು ನೆಟ್ಟು, ನೆಟ್ಟ ಕಾಲದ ದಾಖಲೆಯೂ ಇರುವ ಮರಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ. ಬುಡದ ಹತ್ತಿರ ಹೋಗಲು ಬಿಡುವುದಿಲ್ಲ. ಸುತ್ತ ಬಂಗಾರದ ಬಣ್ಣದ ಕಟಕಟೆ, ಬಾಗಿದ ಕೊಂಬೆಗಳಿಗೆ ಊರೆಗೋಲು. ಕೆಳಗಿನ ಮರಳಿನ ಮೇಲೆ ಬಿಳಿ ಬಟ್ಟೆ ತೊಟ್ಟವರು ಗಂಟೆಗಟ್ಟಲೆ ಕೂತಿರುತ್ತಾರೆ. ಎದುರಿಗೆ ತಾವರೆ ಹೂವಿನ ರಾಶಿ. ಇಲ್ಲಿ ನೋಡಲು "ಏನಿದೆ" ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. ಬಂದವರು ಸುಮ್ನೆ ಕೂರಬೇಕು, ಅಷ್ಟೇ.

ಕನ್ನಡದವರಿಗೆ ಇಲ್ಲಿ ಒಂದು ನೇರ ಕೊಂಡಿ ಇದೆ. ಅಶೋಕನ ಶಾಸನಗಳು ಬಹುತೇಕ ಕಡೆ ರಾಜನನ್ನು "ದೇವಾನಂಪಿಯ ಪಿಯದಸಿ" ಎಂದಷ್ಟೇ ಕರೆಯುತ್ತವೆ. ಈ ಪಿಯದಸಿ ಯಾರು ಅನ್ನುವುದು 1830ರ ದಶಕದವರೆಗೂ ಗೊತ್ತಿರಲಿಲ್ಲ. ಬ್ರಾಹ್ಮಿ ಲಿಪಿ ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಲು ಅದನ್ನು ಶ್ರೀಲಂಕಾದ ದೇವಾನಂಪಿಯ ತಿಸ್ಸ ಎಂದೇ ಊಹಿಸಿದ್ದರು. ಆಮೇಲೆ ಶ್ರೀಲಂಕಾದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ಆ ದ್ವೀಪದ ಪಾಳಿ ಗ್ರಂಥ 'ದೀಪವಂಸ'ದ ಆಧಾರದಿಂದ ಪಿಯದಸಿ ಎಂದರೆ ಅಶೋಕ ಅಂತ ತೋರಿಸಿದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ "ಅಶೋಕ" ಎಂಬ ಹೆಸರೇ ಇರುವ ಶಾಸನ ಸಿಕ್ಕಿತು, ಆ ಮಾತು ಗಟ್ಟಿಯಾಯಿತು. ಮಸ್ಕಿಯ ಬಂಡೆ ನೋಡಿದವರು ಈ ಮರದ ಕೆಳಗೆ ನಿಂತರೆ ಆ ಕಥೆಯ ಎರಡೂ ತುದಿ ಮುಟ್ಟಿದ ಹಾಗೆ.

ಮರದಿಂದ ಸ್ವಲ್ಪ ನಡೆದರೆ ರುವನ್ವೆಲಿಸಾಯ. ಬೆಳ್ಳಗೆ ಹೊಳೆಯುವ ಭಾರಿ ಸ್ತೂಪ. ಸ್ತೂಪಕ್ಕೆ ಅಲ್ಲಿ ದಾಗಬ ಎನ್ನುತ್ತಾರೆ. ಇದನ್ನು ಕಟ್ಟಿಸಿದ್ದು ಕ್ರಿಸ್ತಪೂರ್ವ 2ನೇ ಶತಮಾನದ ದುಟುಗೆಮುನು ರಾಜ. ಕೆಲಸ ಮುಗಿಯುವ ಮೊದಲೇ ಅವನು ಹಾಸಿಗೆ ಹಿಡಿದ. ತಮ್ಮ ಸದ್ಧಾತಿಸ್ಸ ಸ್ತೂಪಕ್ಕೆ ಬಿಳಿ ಬಟ್ಟೆ ಹೊದಿಸಿ, ಕಟ್ಟಡ ಪೂರ್ತಿ ಆದಂತೆ ಅಣ್ಣನಿಗೆ ತೋರಿಸಿದ ಅಂತ ಕಥೆ ಇದೆ. ಇನ್ನು ಜೇತವನಾರಾಮಯ ಸ್ತೂಪ. ಮಹಾಸೇನ ರಾಜನ ಕಾಲದಲ್ಲಿ, 3ನೇ ಶತಮಾನದ ಕೊನೆಯ ಹೊತ್ತಿಗೆ ಶುರುವಾದದ್ದು. ಆಗಿನ ಎತ್ತರ ಸುಮಾರು 122 ಮೀಟರ್. ಒಂಬತ್ತು ಕೋಟಿಗೂ ಜಾಸ್ತಿ ಇಟ್ಟಿಗೆ ಹಿಡಿದಿರಬೇಕು ಎಂದು ಅಂದಾಜು. ಈಗ ಸುಮಾರು 71 ಮೀಟರ್ ಉಳಿದಿದೆ. ಬುಡದಲ್ಲಿ ನಿಂತು ತಲೆ ಎತ್ತಿದರೆ ಅದೂ ಸಾಕಷ್ಟು ಆಗುತ್ತದೆ. ಉತ್ತರಕ್ಕೆ ಅಭಯಗಿರಿ ಎಂಬ ಹಳೆಯ ವಿಹಾರ. ಚೀನಾದ ಯಾತ್ರಿಕ ಫಾಹಿಯಾನ್ 5ನೇ ಶತಮಾನದಲ್ಲಿ ಎರಡು ವರ್ಷ ಈ ದ್ವೀಪದಲ್ಲಿದ್ದ. ಅಭಯಗಿರಿಯ ಬಗ್ಗೆ ಬರೆದಿದ್ದಾನೆ. ಅಲ್ಲಿ ಧ್ಯಾನದಲ್ಲಿ ಕೂತ 'ಸಮಾಧಿ ಬುದ್ಧ'ನ ವಿಗ್ರಹ ಮತ್ತು ಕುಟ್ಟಂ ಪೊಕುಣ ಎಂಬ ಜೋಡಿ ಕಲ್ಯಾಣಿಗಳನ್ನು ತಪ್ಪಿಸಬೇಡಿ.

ಪೊಲೊನ್ನರುವದಲ್ಲಿ ಈ ಜನಸಂದಣಿ ಇಲ್ಲ. ಪೂಜೆಯೂ ಕಡಿಮೆ. ಕಾಡಿನ ನಡುವೆ ಒಂದು ನಗರದ ಪಾಯ, ಗೋಡೆ, ಕಂಬಗಳು ಉಳಿದಿವೆ. ಇಲ್ಲಿನ ಹೆಚ್ಚಿನ ಕಟ್ಟಡಗಳು 12ನೇ ಶತಮಾನದ ಇಬ್ಬರು ರಾಜರವು: ಒಂದನೇ ಪರಾಕ್ರಮಬಾಹು (1153–1186) ಮತ್ತು ನಿಶ್ಶಂಕಮಲ್ಲ (1187–1196). ಹಾಗಾಗಿ ಒಂದು ಕಾಲದ ಕಲೆ ಒಟ್ಟಿಗೆ ಕಾಣುತ್ತದೆ. ಕಲ್ಲಿನ ಕೆಲಸದಲ್ಲಿ ಆಸಕ್ತಿ ಇದ್ದವರಿಗೆ ನಾನು ಯೋಚನೆ ಮಾಡದೆ ಪೊಲೊನ್ನರುವವನ್ನೇ ಹೇಳುತ್ತೇನೆ. ಕಾರಣ ಗಲ್ ವಿಹಾರ. ಒಂದೇ ಉದ್ದನೆಯ ಬಂಡೆಯಲ್ಲಿ ನಾಲ್ಕು ವಿಗ್ರಹ ಕಡೆದಿದ್ದಾರೆ. ಮಲಗಿದ ಬುದ್ಧನ ಉದ್ದ ಸುಮಾರು 14 ಮೀಟರ್. ತಲೆಯ ಭಾರಕ್ಕೆ ದಿಂಬು ಒಂದಿಷ್ಟು ಕುಸಿದಿದೆ, ಅದನ್ನೂ ಶಿಲ್ಪಿ ಕಲ್ಲಿನಲ್ಲಿ ತಂದಿದ್ದಾನೆ. ಪಕ್ಕದಲ್ಲಿ ಎದೆಯ ಮೇಲೆ ಕೈ ಅಡ್ಡ ಇಟ್ಟು ನಿಂತ ಸುಮಾರು 7 ಮೀಟರಿನ ವಿಗ್ರಹ. ಅದು ದುಃಖದಲ್ಲಿರುವ ಶಿಷ್ಯ ಆನಂದನೋ, ಬುದ್ಧನೇನೋ ಎಂದು ಪಂಡಿತರು ಇನ್ನೂ ಚರ್ಚೆ ಮಾಡುತ್ತಾರೆ. ಬಂಡೆಯ ಬಣ್ಣದ ಪಟ್ಟೆಗಳು ಮುಖದ ಮೇಲೇ ಹಾದುಹೋಗಿವೆ. ಆದರೂ ಶಾಂತಿ ಕೆಟ್ಟಿಲ್ಲ. ಇಲ್ಲಿ ಕಡಿಮೆ ಎಂದರೂ ಒಂದು ಗಂಟೆ ಕೂರಿ.

ಇಲ್ಲಿಯೂ ಕನ್ನಡನಾಡಿನ ಹೆಜ್ಜೆ ಇದೆ. ತಲಕಾಡು ಚೋಳರ ಕೈಯಲ್ಲಿ ರಾಜರಾಜಪುರ ಆದ ಕಾಲದಲ್ಲೇ ಪೊಲೊನ್ನರುವ ಕೂಡ ಅವರ ಕೈಯಲ್ಲಿ ಜನನಾಥಮಂಗಲಂ ಆಗಿತ್ತು. ಆ ಕಾಲದ ಶಿವಾಲಯ ಇನ್ನೂ ಇದೆ. 'ಎರಡನೇ ಶಿವ ದೇವಾಲೆ' ಎಂದು ಫಲಕ ನೋಡಿ ಗುರುತಿಸಬಹುದು. ಪುಟ್ಟ ಕಲ್ಲಿನ ಗುಡಿ, ಕೋಲಾರದ ಕಡೆಯ ಚೋಳರ ಗುಡಿ ನೋಡಿದವರಿಗೆ ಅಪರಿಚಿತ ಅನಿಸುವುದಿಲ್ಲ. 1070ರಲ್ಲಿ ಚೋಳರನ್ನು ಓಡಿಸಿದ ವಿಜಯಬಾಹು ರಾಜ ಕನ್ನಾಟ ರಾಜನ ಜೊತೆ ಸ್ನೇಹ ಇಟ್ಟುಕೊಂಡಿದ್ದ. ವಿಜಯಬಾಹುವಿನ ದೂತರನ್ನು ದಾರಿಯಲ್ಲಿ ಚೋಳರು ಹಿಡಿದು ಕಿವಿ, ಮೂಗು ಕೊಯ್ದರು ಎಂದು ಶ್ರೀಲಂಕಾದ ಪಾಳಿ ಗ್ರಂಥ 'ಚೂಳವಂಸ' ಹೇಳುತ್ತದೆ. ಆ ಕನ್ನಾಟ ರಾಜ ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಎರಡೂ ಊರಿಗೆ ಹೋಗುವುದಾದರೆ ಬಾಗಿಲ ಬುಡದ ಅರ್ಧಚಂದ್ರದ ಕಲ್ಲುಗಳನ್ನು ಹೋಲಿಸಿ ನೋಡಿ. ಸಂದಕಡ ಪಹಣ ಎನ್ನುತ್ತಾರೆ. ಅನುರಾಧಪುರದ ಕಲ್ಲುಗಳಲ್ಲಿ ಆನೆ, ಕುದುರೆ, ಸಿಂಹ, ಎತ್ತು ಸಾಲಾಗಿ ಓಡುತ್ತವೆ. ಪೊಲೊನ್ನರುವದ ವಟದಾಗೆಯ, ಅಂದರೆ ಸ್ತೂಪದ ಸುತ್ತ ಕಟ್ಟಿದ ದುಂಡನೆಯ ಗುಡಿಯ, ಕಲ್ಲಿನಲ್ಲಿ ಎತ್ತು ಇಲ್ಲ. ಶಿವನ ನಂದಿಯನ್ನು ಕಾಲಲ್ಲಿ ತುಳಿಯಬಾರದು ಎಂದು ಬಿಟ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಚೋಳರು ಬಂದುಹೋದ ಮೇಲೆ ಏನು ಬದಲಾಯಿತು ಅನ್ನುವುದು ಒಂದು ಮೆಟ್ಟಿಲ ಕಲ್ಲಿನಲ್ಲೇ ಗೊತ್ತಾಗುತ್ತದೆ, ಅಲ್ವಾ?

ತಿರುಗಾಟದ ದೃಷ್ಟಿಯಿಂದ ಪೊಲೊನ್ನರುವ ಸುಲಭ. ಮುಖ್ಯವಾದವು ಒಂದೇ ಉದ್ದನೆಯ ಹಾದಿಯಲ್ಲಿ ಬರುತ್ತವೆ. ಸೈಕಲ್ ಬಾಡಿಗೆಗೆ ಸಿಗುತ್ತದೆ, ದಾರಿ ಸಮತಟ್ಟು, ಮರದ ನೆರಳೂ ಇದೆ. ಮಕ್ಕಳಿರುವ ಮನೆಯವರಿಗೆ ಇದೇ ವಾಸಿ. ಅರ್ಧ ದಿನದಲ್ಲಿ ಚೆನ್ನಾಗಿ ನೋಡಬಹುದು. ಅನುರಾಧಪುರ ಹರಡಿಕೊಂಡಿದೆ. ಬೋಧಿಯಿಂದ ಅಭಯಗಿರಿಗೆ ಬಿಸಿಲಲ್ಲಿ ನಡೆದು ಹೋಗುತ್ತೇನೆ ಎಂದುಕೊಳ್ಳಬೇಡಿ. ಆಟೋ ಮಾಡಿಕೊಳ್ಳಿ. ಪೂರ್ತಿ ಒಂದು ದಿನ ಬೇಕು, ಸಂಜೆ ಅಲ್ಲೇ ಉಳಿದರೆ ಇನ್ನೂ ಒಳ್ಳೆಯದು. ಎರಡರಲ್ಲಿ ಒಂದೇ ಎಂದರೆ ನನ್ನ ಆಯ್ಕೆ ಅನುರಾಧಪುರ. ಪೊಲೊನ್ನರುವದ ಶಿಲ್ಪ ಶ್ರೇಷ್ಠ, ಅದರಲ್ಲಿ ಎರಡು ಮಾತಿಲ್ಲ. ಆದರೆ 2,200 ವರ್ಷಗಳಿಂದ ಜನ ಬಂದು ಕೈಮುಗಿಯುತ್ತಿರುವ ಜಾಗ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಹತ್ತುವುದಾದರೆ: ಸಿಗಿರಿಯ, ಪಿದುರಂಗಲ, ಮಿಹಿಂತಲೆ

ಸಿಗಿರಿಯದ ಚಿತ್ರ ನೋಡದವರಿಲ್ಲ. ಬಯಲಿನ ನಡುವೆ ಸುಮಾರು 200 ಮೀಟರ್ ಎದ್ದ ಬಂಡೆ. ತಂದೆ ಧಾತುಸೇನನನ್ನು ಕೊಂದು ಸಿಂಹಾಸನ ಹಿಡಿದ ಕಾಶ್ಯಪ (477–495) ಇದರ ನೆತ್ತಿಯಲ್ಲಿ ಅರಮನೆ ಕಟ್ಟಿಸಿದ. ಅರ್ಧ ದಾರಿಯಲ್ಲಿ ಸುರುಳಿ ಮೆಟ್ಟಿಲು ಹತ್ತಿದರೆ ಪ್ರಸಿದ್ಧ ವರ್ಣಚಿತ್ರಗಳು. ಫೋಟೊ ತೆಗೆಯುವಂತಿಲ್ಲ. ಮುಂದೆ ಕನ್ನಡಿ ಗೋಡೆ. ಸಾವಿರ ವರ್ಷಕ್ಕೂ ಹಿಂದೆ ಇಲ್ಲಿಗೆ ಬಂದವರು ಆ ಚಿತ್ರಗಳ ಮೇಲೆ ಪದ್ಯ ಬರೆದು ಗೀಚಿದ್ದಾರೆ. ಸೆನರತ್ ಪರಣವಿತಾನ ಎಂಬ ಪುರಾತತ್ವ ವಿದ್ವಾಂಸರು ಅವುಗಳಲ್ಲಿ 685 ಪದ್ಯಗಳನ್ನು ಓದಿ ಪ್ರಕಟಿಸಿದರು. ಹಳೆಯ ಸಿಂಹಳ ಕಾವ್ಯದ ದೊಡ್ಡ ಖಜಾನೆ ಅದು.

ಮೆಟ್ಟಿಲು ಸುಮಾರು 1,200. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಸುಸ್ತಿನ ಭಯ ಬೇಡ. ಆದರೆ ಮೇಲಿನ ಕಬ್ಬಿಣದ ಮೆಟ್ಟಿಲು ಬಂಡೆಗೆ ಅಂಟಿಕೊಂಡಿದೆ, ಎತ್ತರದ ಭಯ ಇರುವವರು ಅದರ ಬುಡದಲ್ಲಿ ಕಟ್ಟಿರುವ ದೊಡ್ಡ ಸಿಂಹದ ಪಾದದ ತನಕ ಹೋಗಿ ನಿಲ್ಲಿ. ಹೆಜ್ಜೇನಿನ ಫಲಕಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ, ಅಲ್ಲಿ ಗಲಾಟೆ ಮಾಡಬೇಡಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಬಿಸಿಲೂ ಕಡಿಮೆ, ಸಾಲೂ ಕಡಿಮೆ.

ಆದರೆ ಸಿಗಿರಿಯ ಪುಣ್ಯಸ್ಥಳವಲ್ಲ. ಕಾಶ್ಯಪನ ನಂತರ ಇಲ್ಲಿ ಭಿಕ್ಷುಗಳಿದ್ದರು ನಿಜ. ಈಗ ಅದು ಒಂದು ಅದ್ಭುತ ಸ್ಮಾರಕ. ಬರೀ ಬಂಡೆಯ ನೋಟ ಸಾಕು ಎನ್ನುವವರು ಎದುರಿನ ಪಿದುರಂಗಲ ಹತ್ತಬಹುದು. ಟಿಕೆಟ್ ತುಂಬಾ ಅಗ್ಗ. ಸಿಗಿರಿಯ ಇಡಿಯಾಗಿ ಕಾಣುವುದು ಅಲ್ಲಿಂದಲೇ. ಬುಡದಲ್ಲಿ ವಿಹಾರ ಇದೆ, ದಾರಿಯಲ್ಲಿ ಇಟ್ಟಿಗೆಯ ಮಲಗಿದ ಬುದ್ಧ. ಕೊನೆಯ ಭಾಗದಲ್ಲಿ ಬಂಡೆಗಳ ಸಂದಿಯಲ್ಲಿ ಕೈಯೂರಿ ಹತ್ತಬೇಕು. ವಯಸ್ಸಾದವರಿಗೆ ಬೇಡ.

ಹತ್ತುವುದರ ಜೊತೆಗೆ ಭಕ್ತಿಯೂ ಬೇಕು ಎಂದರೆ ಮಿಹಿಂತಲೆ. ಅನುರಾಧಪುರದಿಂದ ಪೂರ್ವಕ್ಕೆ ಹದಿಮೂರು ಕಿಲೋಮೀಟರ್. ಅಶೋಕನ ಮಗ ಮಹಿಂದ, ಬೇಟೆಗೆ ಬಂದ ದೇವಾನಂಪಿಯ ತಿಸ್ಸನನ್ನು ಭೇಟಿ ಮಾಡಿದ್ದು ಇಲ್ಲೇ ಎನ್ನುತ್ತದೆ ದ್ವೀಪದ ಇನ್ನೊಂದು ಪಾಳಿ ಗ್ರಂಥ 'ಮಹಾವಂಸ'. ರಾಜನ ಬುದ್ಧಿ ಪರೀಕ್ಷಿಸಲು ಮಹಿಂದ ಮಾವಿನ ಮರದ ಬಗ್ಗೆ ಪ್ರಶ್ನೆ ಕೇಳಿದನಂತೆ. ಈ ಮಾವಿನ ಮರ ಬಿಟ್ಟು ಬೇರೆ ಮಾವಿನ ಮರ ಇದೆಯೇ? ಮಾವಲ್ಲದ ಮರಗಳಿವೆಯೇ? ಆ ಮಾವುಗಳನ್ನೂ, ಮಾವಲ್ಲದ ಮರಗಳನ್ನೂ ಬಿಟ್ಟು ಇನ್ನೊಂದು ಮರ ಇದೆಯೇ? "ಇದೇ ಮರ" ಎಂದ ರಾಜ. ದ್ವೀಪದಲ್ಲಿ ಬೌದ್ಧಧರ್ಮ ಅಲ್ಲಿಂದ ಬೆಳೆಯಿತು ಎಂಬುದು ಜನರ ನಂಬಿಕೆ. ಮೆಟ್ಟಿಲು 1,840. ಆದರೆ ಅಗಲವಾಗಿವೆ, ದೇವಗಣಗಿಲೆ ಮರದ ನೆರಳಿದೆ, ವಾಹನದಲ್ಲಿ ಅರ್ಧಕ್ಕಿಂತ ಮೇಲೆ ಹೋಗಲೂ ದಾರಿ ಇದೆ. ಬುಡದಲ್ಲಿ ಹಳೆಯ ಆಸ್ಪತ್ರೆಯ ಅವಶೇಷ. ರೋಗಿಯನ್ನು ಔಷಧದಲ್ಲಿ ಮಲಗಿಸಲು ಮನುಷ್ಯನ ಆಕಾರದಲ್ಲೇ ಕಡೆದ ಕಲ್ಲಿನ ತೊಟ್ಟಿ ನೋಡಲೇಬೇಕು. ಸಿಗಿರಿಯದ ಖ್ಯಾತಿಯ ಮುಂದೆ ಮಿಹಿಂತಲೆಯ ಹೆಸರು ಹೊರಗೆ ಕೇಳಿಸುವುದೇ ಇಲ್ಲ. ನನಗೆ ಇದೇ ಹೆಚ್ಚು ಹಿಡಿಸುತ್ತದೆ.

ದಂಬುಲ್ಲ ಮತ್ತು ಕ್ಯಾಂಡಿ

ದಂಬುಲ್ಲ ಹೇಗಿದ್ದರೂ ದಾರಿಯಲ್ಲೇ ಬರುತ್ತದೆ. ಬಂಡೆಯ ಮಡಿಲಲ್ಲಿ ಐದು ಗುಹೆ, ನೂರೈವತ್ತಕ್ಕೂ ಜಾಸ್ತಿ ವಿಗ್ರಹ, ಚಾವಣಿಯ ತುಂಬಾ ಬಣ್ಣದ ಚಿತ್ರ. ರಾಜ್ಯ ಕಳೆದುಕೊಂಡು ಇಲ್ಲಿ ಅಡಗಿದ್ದ ವಲಗಂಬ ರಾಜ, ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಮತ್ತೆ ಗದ್ದುಗೆ ಏರಿದ ಮೇಲೆ ಗುಹೆಗಳನ್ನು ವಿಹಾರ ಮಾಡಿಸಿದ ಎನ್ನುತ್ತಾರೆ. ಬುದ್ಧನ ಜೊತೆ ವಿಷ್ಣುವಿನ ವಿಗ್ರಹವೂ ಇದೆ. ಎರಡು ಗಂಟೆ ಸಾಕು. ಪೂಜೆಯೂ ಇದೆ, ಹಳೆಯ ಕಲೆಯೂ ಇದೆ. ಹಾಗಾಗಿ ಒಂದೇ ದಿನ ಇರುವವರಿಗೆ ಇದು ಸರಿಯಾದ ಆಯ್ಕೆ.

ಕ್ಯಾಂಡಿಯಲ್ಲಿ ಬುದ್ಧನ ದಂತ ಇರುವ ದಳದಾ ಮಾಳಿಗಾವ. 4ನೇ ಶತಮಾನದಲ್ಲಿ ಕಳಿಂಗದ ರಾಜಕುಮಾರಿ ಹೇಮಮಾಲಾ ಅದನ್ನು ತಲೆಕೂದಲಲ್ಲಿ ಬಚ್ಚಿಟ್ಟು ತಂದಳು ಎಂಬ ಕಥೆ ಅಲ್ಲಿ ಪ್ರತಿ ಮಗುವಿಗೂ ಗೊತ್ತು. ದಂತ ಯಾರ ಕೈಯಲ್ಲಿತ್ತೋ ರಾಜ್ಯ ಅವರದ್ದು ಎಂಬ ನಂಬಿಕೆ ಇತ್ತು. ಹಾಗಾಗಿ ಅದು ರಾಜಧಾನಿಯಿಂದ ರಾಜಧಾನಿಗೆ ಹೋಯಿತು. ದಿನಕ್ಕೆ ಮೂರು ಪೂಜೆ. ಆಗ ಮಾತ್ರ ಒಳಗಿನ ಬಾಗಿಲು ತೆಗೆದು ಕರಂಡದ ದರ್ಶನ ಕೊಡುತ್ತಾರೆ, ದಂತ ಕಾಣುವುದಿಲ್ಲ. ನಡುಹೊತ್ತಿನಲ್ಲಿ ಹೋದರೆ ಬರೀ ಕಟ್ಟಡ ನೋಡಿ ಬರಬೇಕು. ಸಂಜೆಯ ಪೂಜೆಗೆ ಹೋಗಿ. ಜುಲೈ–ಆಗಸ್ಟ್‌ನಲ್ಲಿ ಎಸಳ ಪೆರಹೆರ, ಆನೆಯ ಮೇಲೆ ಕರಂಡದ ಮೆರವಣಿಗೆ. ಆಗ ಹೋಟೆಲ್ ದರ ಏರುತ್ತದೆ. ಮೊದಲೇ ಕಾಯ್ದಿರಿಸಿ.

ರಾಮಾಯಣದ ದಾರಿ ಮತ್ತು ಶಿವಾಲಯಗಳು

ನಮ್ಮವರಲ್ಲಿ ಅನೇಕರು ಹೋಗುವುದೇ ಅಶೋಕವನ ನೋಡಲು. ನುವರ ಎಲಿಯದ ಹತ್ತಿರ ಸೀತಾ ಎಲಿಯದಲ್ಲಿ ರಸ್ತೆ ಪಕ್ಕ ಸೀತಮ್ಮನ ಗುಡಿ ಇದೆ. ಹಿಂದೆ ಹರಿಯುವ ತೊರೆಯ ಬಂಡೆಯಲ್ಲಿನ ಗುಳಿಗಳನ್ನು ಹನುಮಂತನ ಹೆಜ್ಜೆ ಎನ್ನುತ್ತಾರೆ. ಭಕ್ತಿಯಿಂದ ಹೋಗುವವರಿಗೆ ಅದು ಕಣ್ಣು ತುಂಬಿ ಬರುವ ಜಾಗ. ಆದರೆ ಪುರಾತನ ಕಟ್ಟಡ ನಿರೀಕ್ಷಿಸಬೇಡಿ, ಗುಡಿ ಈಚಿನದು. ಪ್ರಾಚೀನ ಶಿವಕ್ಷೇತ್ರ ಬೇಕಾದವರಿಗೆ ತ್ರಿಂಕೋಮಲಿಯ ಕೋಣೇಶ್ವರ ಇದೆ. ತಮಿಳು ಶೈವ ಸಂತ ಜ್ಞಾನಸಂಬಂಧರ ತೇವಾರ ಹಾಡುಗಳಲ್ಲಿ ಇದರ ಸ್ತುತಿ ಇದೆ. ಪೋರ್ಚುಗೀಸರು 17ನೇ ಶತಮಾನದಲ್ಲಿ ಹಳೆಯ ದೇವಾಲಯ ಕೆಡವಿ, ಆ ಕಲ್ಲಿನಲ್ಲೇ ಕೋಟೆ ಕಟ್ಟಿದರು. ಈಗಿನ ಗುಡಿ ಕಳೆದ ಶತಮಾನದ್ದು. ಜಾಗ ಮಾತ್ರ ಅದೇ, ಸಮುದ್ರಕ್ಕೆ ಚಾಚಿದ ಕಡಿದಾದ ಬಂಡೆಯ ತುದಿ. ಸಿಗಿರಿಯದ ಕಡೆ ಇರುವವರಿಗೆ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ.

ಎಲ್ಲ ಧರ್ಮದವರೂ ಸೇರುವ ಜಾಗ ನೋಡಬೇಕೆಂದರೆ ಎರಡು ಇವೆ. ದಕ್ಷಿಣದ ಕತರಗಮದಲ್ಲಿ ಸುಬ್ರಹ್ಮಣ್ಯನನ್ನು ಸಿಂಹಳ ಬೌದ್ಧರೂ ತಮಿಳು ಹಿಂದೂಗಳೂ ಪೂಜಿಸುತ್ತಾರೆ, ಪಕ್ಕದಲ್ಲೇ ಮಸೀದಿ ಇದೆ. ಗರ್ಭಗುಡಿಯಲ್ಲಿ ಮೂರ್ತಿ ಕಾಣುವುದಿಲ್ಲ, ಚಿತ್ರ ಬರೆದ ಪರದೆಗೇ ಕೈಮುಗಿಯಬೇಕು. ಇನ್ನೊಂದು 2,243 ಮೀಟರ್ ಎತ್ತರದ ಶ್ರೀಪಾದ. ನೆತ್ತಿಯ ಹೆಜ್ಜೆ ಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ರಾತ್ರಿ ಹತ್ತಿ ಸೂರ್ಯೋದಯಕ್ಕೆ ಮೇಲಿರುವುದು ರೂಢಿ. ಕಾಲ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್ ಹುಣ್ಣಿಮೆಯವರೆಗೆ. ಉಳಿದ ತಿಂಗಳು ಮಳೆ, ಮಂಜು, ದಾರಿಯಲ್ಲಿ ದೀಪವೂ ಇರುವುದಿಲ್ಲ.

ಯಾವಾಗ, ಎಷ್ಟು ದಿನ

ಅನುರಾಧಪುರ, ಪೊಲೊನ್ನರುವ, ಸಿಗಿರಿಯ ಎಲ್ಲವೂ ಒಣ ಪ್ರದೇಶ. ಅಲ್ಲಿ ಮಳೆ ಜಾಸ್ತಿ ಬೀಳುವುದು ಅಕ್ಟೋಬರ್‌ನಿಂದ ಜನವರಿವರೆಗೆ. ನಮ್ಮಲ್ಲಿ ಮುಂಗಾರು ಹೊಯ್ಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣ ಹವೆ, ಹೋಗಲು ಒಳ್ಳೆಯ ಕಾಲ. ದಸರಾ ರಜೆಯಲ್ಲಿ ಹೋಗುವವರು ಸಂಜೆಯ ಗುಡುಗು ಮಳೆಗೆ ಸಿದ್ಧರಾಗಿರಿ. ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ, ಅಂಗಡಿಗಳು ಮುಚ್ಚಿರುತ್ತವೆ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ, ಪೋಯ. ಜೂನ್ ತಿಂಗಳ ಪೊಸೊನ್ ಪೋಯಕ್ಕೆ ಅನುರಾಧಪುರ, ಮಿಹಿಂತಲೆಗೆ ಲಕ್ಷಾಂತರ ಜನ ಬರುತ್ತಾರೆ. ದಾರಿಯುದ್ದಕ್ಕೂ ದನ್ಸಲ್ ಎಂಬ ಅನ್ನದಾನ. ನಿಶ್ಶಬ್ದ ಬೇಕಾದವರು ಆ ದಿನ ತಪ್ಪಿಸಿ. ಒಂದು ಜನಾಂಗದ ಭಕ್ತಿ ನೋಡಬೇಕಾದವರು ಅದೇ ದಿನ ಹೋಗಿ.

ಎರಡೇ ದಿನ ಇದ್ದರೆ ಅನುರಾಧಪುರ ಮತ್ತು ಮಿಹಿಂತಲೆ, ಬೇರೇನೂ ಬೇಡ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ, ಕೊಲಂಬೊದಿಂದ ರೈಲೂ ಇದೆ. ನಾಲ್ಕು ದಿನ ಇದ್ದರೆ ದಂಬುಲ್ಲ ಅಥವಾ ಹಬರಣದಲ್ಲಿ ತಂಗಿ ಪೊಲೊನ್ನರುವ, ಸಿಗಿರಿಯ ಸೇರಿಸಿ, ವಾಪಸು ಬರುವಾಗ ಕ್ಯಾಂಡಿ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಸಿಗಿರಿಯ ಬಿಡಿ. ಆ ಹಣ, ಆ ಸಮಯ ಎರಡನ್ನೂ ಅನುರಾಧಪುರಕ್ಕೆ ಕೊಡಿ.

ಟಿಕೆಟ್ ವಿಷಯ. ಸಿಗಿರಿಯ, ಅನುರಾಧಪುರ, ಪೊಲೊನ್ನರುವದಲ್ಲಿ ವಿದೇಶಿಯರಿಗೆ ದರ ಡಾಲರಿನಲ್ಲಿದೆ, ಕಡಿಮೆಯೇನಲ್ಲ. ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ರಿಯಾಯಿತಿ ಇದೆ. ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು, ಹೋಟೆಲ್‌ನಲ್ಲಿ ಬಿಟ್ಟು ಹೋಗಬೇಡಿ.

ಪೂಜೆ ನಡೆಯುವ ಎಲ್ಲ ಕಡೆ ಭುಜ, ಮಂಡಿ ಮುಚ್ಚಿರಬೇಕು. ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆ ಒಳ್ಳೆಯದು. ಚಪ್ಪಲಿಯಷ್ಟೇ ಅಲ್ಲ, ಟೋಪಿಯನ್ನೂ ತೆಗೆಯಬೇಕು. ಹಾಳುಬಿದ್ದ ವಟದಾಗೆಗೂ ಇದೇ ನಿಯಮ. ಮಧ್ಯಾಹ್ನ ಕಲ್ಲು ಕಾದು ಕಾಲಿಡಲು ಆಗುವುದಿಲ್ಲ, ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳಬೇಡಿ. ಅದು ಅವರಿಗೆ ನಿಜವಾಗಿ ನೋವು ಕೊಡುತ್ತದೆ.

ಸಸ್ಯಾಹಾರಿಗಳಿಗೆ ಊಟ ಕಷ್ಟವಿಲ್ಲ. ಅನ್ನ, ಪರಿಪ್ಪು ಎಂಬ ಬೇಳೆ ಸಾರು, ಹಲಸಿನಕಾಯಿ ಪಲ್ಯ, ಶಾವಿಗೆಯಂಥ ಇಂದಿ ಆಪ್ಪ ಎಲ್ಲ ಕಡೆ ಸಿಗುತ್ತದೆ. ಆದರೆ ಕಾಯಿಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲಿ ಹೆಚ್ಚಾಗಿ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುತ್ತಾರೆ, ಪಲ್ಯಗಳಲ್ಲೂ ಇರಬಹುದು. "ಬರೀ ತರಕಾರಿ" ಎಂದರೆ ಅದು ಬಿಟ್ಟುಹೋಗುವುದಿಲ್ಲ. "ಮಾಳು ಎಪಾ, ಉಂಬಲಕಡ ಎಪಾ" ಎಂದು ಬಡಿಸುವ ಮೊದಲೇ ಹೇಳಿ. ಮೀನು ಬೇಡ, ಒಣಮೀನೂ ಬೇಡ ಎಂದು ಅರ್ಥ ಮಾಡಿಕೊಂಡು ಬೇರೆ ಮಾಡಿಕೊಡುತ್ತಾರೆ.